ಕೇಳಿಸದೆ ಹೋದ ದೋಣಿ

ಹೋದ ತಿಂಗಳು ಅಮ್ಮನ ಕಿವಿ ತೋರಿಸಲು ಹೊಸೂರು ರಸ್ತೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಗಾಜಿನ ಗೂಡಿನಂಥ ಕೋಣೆಯೊಳಗೆ ಒಬ್ಬಳೇ ಕೂರಲು ಅಮ್ಮನಿಗೆ ಹೆದರಿಕೆ. "ಮೊದ್ಲು ನೀನು ಹಾಕ್ಕೊಂಡು ತೋರ್ಸು, ಆಮೇಲೆ ನಾನು," ಅಂದಳು. ಅಲ್ಲಿನ ಹುಡುಗಿ ಕೊಟ್ಟ ಹೆಡ್‌ಫೋನನ್ನು ತಲೆಗೇರಿಸಿಕೊಂಡೆ. ಸುಲಿದ ರೆಕ್ಸಿನ್ನು, ಹಳಸಿದ ಸ್ಪಂಜು, ಯಾರದೋ ತಲೆಯ ಎಣ್ಣೆ, ಅದರ ಮೇಲೆ ಒರೆಸಿದ ಸ್ಪಿರಿಟ್ಟು. ಎಲ್ಲ ಸೇರಿದ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಮೈಯೆಲ್ಲ ಉರಿಯಿತು. ನನ್ನ ಮುಖ ನೋಡಿ ಆ ಹುಡುಗಿ, ಸೌಂಡ್ ಜಾಸ್ತಿಯಾಯಿತಾ ಎಂದು ಕೇಳಿದಳು. ಅವಳಿನ್ನೂ ಸೌಂಡೇ ಹಾಕಿರಲಿಲ್ಲ.

ಅದೇ ವಾಸನೆಯನ್ನು ಒಂದಿಡೀ ಮಳೆಗಾಲ ಕಿವಿಗೆ ಕಟ್ಟಿಕೊಂಡು ಕೂತಿದ್ದವಳು ನಾನು. ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಸಮುದ್ರ ಕೇಳುವ ಕೆಲಸ.

ನಾನು ಓದಿದ್ದು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಆನೇಕಲ್ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ವಿಜ್ಞಾನಕ್ಕೆ ಮಕ್ಕಳು ಸೇರುತ್ತಿಲ್ಲವೆಂದು ಅವರು ವಿಭಾಗವನ್ನೇ ಮುಚ್ಚಿದರು. ಅತಿಥಿ ಎಂದಮೇಲೆ ಒಂದು ದಿನ ಎದ್ದು ಹೋಗಬೇಕಲ್ಲ, ಎದ್ದು ಬಂದೆ. ಬೇಗೂರಿನ ಮನೆಯಲ್ಲಿ ಅಪ್ಪ ದಿನವೂ ಬೆಳಿಗ್ಗೆ ಪೇಪರಿನ ಕೆಲಸದ ಜಾಹೀರಾತುಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿ ನನ್ನ ತಿಂಡಿ ತಟ್ಟೆಯ ಪಕ್ಕ ಇಡುತ್ತಿದ್ದರು. ಅವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಕೆಲಸವಿಲ್ಲದ ಮನುಷ್ಯರು ಅವರಿಗೆ ಅರ್ಥವಾಗುತ್ತಿರಲಿಲ್ಲ. ಮಾತಾಡದೆ ಚುಚ್ಚುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಅದನ್ನು ತಡೆಯಲಾರದೆ, ಸಿಕ್ಕಿದ ಮೊದಲ ಕೆಲಸಕ್ಕೆ ಹೂಂ ಅಂದೆ.

ಆಫೀಸು ಒಂದು ಗ್ರಾನೈಟ್ ಅಂಗಡಿಯ ಮೇಲಿನ ಅಂತಸ್ತಿನಲ್ಲಿತ್ತು. ಕೆಳಗೆ ಕಲ್ಲು ಕೊಯ್ಯುವ ಯಂತ್ರ ಕಿರುಚುತ್ತಿತ್ತು. ಮೇಲೆ ನಾವು ಕಿವಿ ಮುಚ್ಚಿಕೊಂಡು ಯಾವುದೋ ದೇಶದ ಕಡಲನ್ನು ಕೇಳುತ್ತಿದ್ದೆವು. ಯಾವ ದೇಶವೆಂದು ಕೊನೆಯವರೆಗೂ ಯಾರೂ ಹೇಳಲಿಲ್ಲ. ಒಂದು ದೊಡ್ಡ ನದಿ ಕಡಲಿಗೆ ಸೇರುವ ಅಳಿವೆ, ಅಲ್ಲೊಂದು ಬಂದರು, ನೀರಿನ ತಳದ ಹತ್ತಿರ ಹಗ್ಗಕ್ಕೆ ಕಟ್ಟಿ ನಿಲ್ಲಿಸಿದ ಮೈಕು. ಅಷ್ಟು ಗೊತ್ತಿತ್ತು. ಆ ಮೈಕು ಹಿಡಿದ ಶಬ್ದವನ್ನು ಚೂರು ಚೂರು ಮಾಡಿ ನಮಗೆ ಕಳಿಸುತ್ತಿದ್ದರು. ಒಂದೊಂದು ಚೂರನ್ನೂ ಕೇಳಿ, ಪರದೆಯ ಮೇಲೆ ಅದರ ಚಿತ್ರ ನೋಡಿ, ಇದು ಹಡಗು, ಇದು ಸಣ್ಣ ದೋಣಿ, ಇದು ಮಳೆ, ಇದು ಸಿಗಡಿಗಳ ಚಿಟಿಚಿಟಿ, ಇದು ಏನೂ ಅಲ್ಲ ಎಂದು ಗುರುತು ಹಾಕಬೇಕು. ನಮ್ಮ ಗುರುತುಗಳನ್ನು ನೋಡಿ ಒಂದು ಕಂಪ್ಯೂಟರು ಕಲಿಯುತ್ತದೆ. ಕಲಿತಮೇಲೆ ಅದು ಬಂದರಿನಲ್ಲಿ ತಾನೇ ಕಿವಿಗೊಟ್ಟು ಕೂತು, ಮಂಜಿನಲ್ಲಿ ಬರುವ ದೊಡ್ಡ ಹಡಗುಗಳಿಗೆ ಎದುರಿಗೆ ಸಣ್ಣ ದೋಣಿ ಇದೆ ಎಂದು ಎಚ್ಚರಿಕೆ ಕೊಡುತ್ತದೆ. ಕೆಲಸದ ವರ್ಣನೆ ಕೇಳಲು ಚೆನ್ನಾಗಿಯೇ ಇತ್ತು.

ನಮ್ಮ ಟೀಮ್ ಲೀಡ್ ಗಿರೀಶ್. ಕಟ್ಟಡ ಅವನ ಅಪ್ಪನದು; ಅದೇ ಜಾಗದಲ್ಲಿ ಹಿಂದೆ ಅವರು ರಾಗಿ ಬೆಳೆಯುತ್ತಿದ್ದರಂತೆ. ನನಗಿಂತ ಚಿಕ್ಕವನು. ಸಮುದ್ರದ ಬಗ್ಗೆ ಏನೂ ಗೊತ್ತಿರದಿದ್ದರೂ ಮನುಷ್ಯರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವುದು ಚೆನ್ನಾಗಿ ಗೊತ್ತಿತ್ತು. ಅಲ್ಲಿ ಚಾಲೆಂಜ್ ಎಂಬ ಒಂದು ಪದ್ಧತಿ ಇತ್ತು. ಪಕ್ಕದವರು ಹಾಕಿದ ಗುರುತು ತಪ್ಪೆನಿಸಿದರೆ ಒಂದು ಗುಂಡಿ ಒತ್ತಬಹುದು. ಈ ಶಬ್ದಗಳನ್ನು ಕಳಿಸುವ ಕಂಪನಿಯವರು ಕೊಟ್ಟ ಉತ್ತರಕ್ಕೆ ನಿಮ್ಮ ಮಾತು ಹೊಂದಿದರೆ ಅವರ ಪಾಯಿಂಟು ನಿಮಗೆ ಬರುತ್ತದೆ. ಗೋಡೆಯ ಟೀವಿಯಲ್ಲಿ ಎಲ್ಲರ ಹೆಸರು ಕಾಣುತ್ತಿತ್ತು, ಮೇಲಿನವರು ಹಸಿರಿನಲ್ಲಿ, ಕೆಳಗಿನವರು ಕೆಂಪಿನಲ್ಲಿ. ಮಳೆಗಾಲ ಮುಗಿಯುವುದರೊಳಗೆ ಕೆಂಪಿನಲ್ಲಿ ಉಳಿದವರು ಮನೆಗೆ ಹೋಗಬಹುದು ಎಂದು ಗಿರೀಶ್ ಮೊದಲ ದಿನವೇ ನಗುತ್ತ ಹೇಳಿದ್ದ. ಅಲ್ಲಿಂದಾಚೆಗೆ ಆ ಆಫೀಸಿನ ಹಾಲಿನಲ್ಲಿ ಯಾರೂ ಯಾರ ಡಬ್ಬಿಯಿಂದಲೂ ಒಂದು ತುತ್ತು ತಿಂದದ್ದು ನಾನು ನೋಡಲಿಲ್ಲ.

ನನ್ನ ಎಡಗಡೆ ಕೂತಿದ್ದವನು ಮಹಾಂತೇಶ. ರೋಣದ ಕಡೆಯವನು. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದನಂತೆ, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದ. ಯಾವಾಗಲೂ ಕಾಲು ಕುಣಿಸುತ್ತಿದ್ದ, ಹೆಡ್‌ಫೋನ್ ಹಾಕಿಕೊಂಡೇ ಬೆಳ್ಳುಳ್ಳಿ ಚಟ್ನಿ ರೊಟ್ಟಿ ತಿನ್ನುತ್ತಿದ್ದ, ಎಸಿಯನ್ನು ಯಾರಿಗೂ ಹೇಳದೆ ಹೆಚ್ಚಿಸುತ್ತಿದ್ದ. ನನ್ನ ಜೊತೆ ಅವನಾಡಿದ ಮೊದಲ ಮಾತು, "ಎಂಎಸ್ಸಿ ಓದಿದವ್ರು ಇಲ್ಲ್ಯಾಕ ಬಂದ್ರಿ?" ಎಂಬುದು. ನಾನು ಹೆಡ್‌ಫೋನ್ ಏರಿಸಿಕೊಂಡು ಪರದೆಗೆ ತಿರುಗಿದೆ. ನಮ್ಮ ಹಗೆಗೆ ಅಷ್ಟೇ ಸಾಕಾಯಿತು.

ಆಷಾಢದಲ್ಲಿ ಒಂದು ಗುಂಯ್‌ಗುಡುವ ಶಬ್ದ ಬರತೊಡಗಿತು. ತೆಳ್ಳಗೆ ಶುರುವಾಗಿ, ದಪ್ಪಗಾಗಿ, ಒಂದಷ್ಟು ಹೊತ್ತು ಹಾಗೇ ನಿಂತು, ಮತ್ತೆ ತೆಳ್ಳಗಾಗಿ ನಿಂತುಹೋಗುತ್ತಿತ್ತು. ಎಲ್ಲರೂ ಅದನ್ನು ಹಡಗೆಂದು ಗುರುತು ಹಾಕಿದರು. ಕಂಪನಿಯ ಉತ್ತರವೂ ಹಡಗೇ. ನನಗೆ ಮಾತ್ರ ಅದು ಎಲ್ಲೋ ಕೇಳಿದ ಶಬ್ದವೆನಿಸಿತು. ಬೇಗೂರು ಕೆರೆಯ ಏರಿಯ ಮೇಲೆ ಗಾಳಿ ಜೋರಾದಾಗ ಕರೆಂಟಿನ ತಂತಿಗಳು ಹೀಗೆಯೇ ಗುನುಗುತ್ತವೆ. ತುಣುಕುಗಳ ಮೂಲೆಯಲ್ಲಿ ರೆಕಾರ್ಡು ಮಾಡಿದ ಹೊತ್ತು ಕಾಣುತ್ತಿತ್ತು. ಕೆಲವು ದಿನ ಗಮನಿಸಿದೆ. ಗುನುಗು ದಿನಕ್ಕೆ ನಾಲ್ಕು ಸಲ ಏರಿ ಇಳಿಯುತ್ತಿತ್ತು, ಮತ್ತು ಚಂದ್ರ ಮೂಡುವ ಹಾಗೆ ದಿನ ದಿನಕ್ಕೆ ಒಂದಿಷ್ಟು ತಡವಾಗುತ್ತಿತ್ತು. ಯಾವ ಹಡಗೂ ಚಂದ್ರನನ್ನು ಕೇಳಿಕೊಂಡು ಓಡಾಡುವುದಿಲ್ಲ. ಅದು ಉಬ್ಬರ ಇಳಿತದ ಹರಿವು. ಉಬ್ಬರದಲ್ಲಿ ಕಡಲಿನ ನೀರು ನದಿಯೊಳಕ್ಕೆ ನುಗ್ಗುತ್ತದೆ, ಇಳಿತದಲ್ಲಿ ಹೊರಕ್ಕೆ ಧಾವಿಸುತ್ತದೆ. ನೀರು ಜೋರಾಗಿ ಹರಿದಾಗಲೆಲ್ಲ ಮೈಕು ಕಟ್ಟಿದ ಹಗ್ಗ ನಡುಗಿ ಗುನುಗುತ್ತದೆ.

ನಾನು ಅದನ್ನು ಹಡಗಲ್ಲ ಎಂದು ಗುರುತು ಹಾಕಿದೆ. ಮಹಾಂತೇಶ ಚಾಲೆಂಜ್ ಒತ್ತಿದ. ಪಾಯಿಂಟು ಅವನಿಗೆ ಹೋಯಿತು. ಅವನು ನನ್ನ ಕಡೆ ತಿರುಗಿ ತುಟಿಯ ಒಂದೇ ಕೊನೆಯಲ್ಲಿ ನಕ್ಕ. ಮರುದಿನವೂ ಹಾಕಿದೆ, ಮತ್ತೆ ಒತ್ತಿದ. ಟೀವಿಯಲ್ಲಿ ನನ್ನ ಹೆಸರು ಜಾರುತ್ತ ಹೋಯಿತು. ಕೊನೆಗೆ ಗಿರೀಶನ ಹತ್ತಿರ ಹೋಗಿ ಹಗ್ಗ, ಹರಿವು, ಚಂದ್ರ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಮೊಬೈಲು ನೋಡುತ್ತಲೇ ಕೇಳಿಸಿಕೊಂಡ.

"ಮೇಡಂ, ಕಡ್ಲು ಅಲ್ಲಿದೆ, ನೀವು ಇಲ್ಲಿದೀರ," ಅಂದ. "ಅವ್ರು ಹಡಗು ಅಂದ್ರೆ ಹಡಗು. ನಿಮ್ಗೆ ಸಂಬ್ಳ ಕೊಡ್ತಿರೋದು ಕೇಳೋಕೆ, ಪಾಠ ಮಾಡೋಕಲ್ಲ."

ಹೊರಗೆ ಮಳೆ ಹಿಡಿದಿತ್ತು. ಮೋರಿ ಉಕ್ಕಿ ರಸ್ತೆಗೆ ಬಂದು, ಐಟಿ ಕಂಪನಿಗಳ ಬಸ್ಸುಗಳು ಆ ಕೊಳಚೆಯನ್ನು ನಡೆದು ಹೋಗುವವರ ಸೊಂಟದವರೆಗೂ ಎರಚುತ್ತಿದ್ದವು. ದಿನವೂ ಒದ್ದೆ ಚೂಡಿದಾರದಲ್ಲಿ ಆ ಎಸಿಯ ಕೆಳಗೆ ಕೂತು, ಪಕ್ಕದವನ ಕಾಲು ಕುಣಿಯುವುದನ್ನು ನೋಡುತ್ತ, ಅವನು ಯಾವಾಗ ತಪ್ಪು ಮಾಡುತ್ತಾನೆಂದು ಕಾದೆ.

ತಪ್ಪು ಸಿಕ್ಕಿತು. ಆ ಅಳಿವೆಯ ಒಳಗಡೆ, ಮೈಕಿಗಿಂತ ಮೇಲೆ ನದಿಯ ಕಡೆಗೆ, ಒಂದು ಸಣ್ಣ ದೋಣಿ ದಿನವಿಡೀ ಜನರನ್ನು ದಾಟಿಸುತ್ತಿತ್ತು. ನೀರು ತಳ್ಳುವ ಅದರ ಪಂಖದ ಒಂದು ರೆಕ್ಕೆ ಮುಕ್ಕಾಗಿತ್ತೋ ಏನೋ, ಸುತ್ತಿಗೊಮ್ಮೆ ಟಕ್ ಅನ್ನುತ್ತಿತ್ತು. ಮಹಾಂತೇಶ ಅದಕ್ಕೆ ಕುಂಟಿ ಎಂದು ಹೆಸರಿಟ್ಟಿದ್ದ. ಅದರ ಶಬ್ದ ಕೆಲವು ಹೊತ್ತಿನಲ್ಲಿ ದಡದಿಂದ ದಡದವರೆಗೂ ಚೆನ್ನಾಗಿ ಕೇಳುತ್ತಿತ್ತು. ಇನ್ನು ಕೆಲವು ಹೊತ್ತಿನಲ್ಲಿ ದಡ ಬಿಟ್ಟ ಸ್ವಲ್ಪ ಹೊತ್ತಿಗೇ ಅಳಿಸಿಹೋಗುತ್ತಿತ್ತು. ಅಳಿಸಿಹೋದ ತುಣುಕುಗಳಿಗೆ ಕಂಪನಿಯ ಉತ್ತರ, ಏನೂ ಇಲ್ಲ. ಮಹಾಂತೇಶ ಅವಕ್ಕೂ ಸಣ್ಣ ದೋಣಿ ಎಂದೇ ಗುರುತು ಹಾಕಿದ್ದ. ನಾನು ವಾಲ್ಯೂಮು ಏರಿಸಿ ಎರಡೆರಡು ಸಲ ಕೇಳಿದೆ. ಬರೀ ಮೊರೆತ, ಸಿಗಡಿಗಳ ಚಿಟಿಚಿಟಿ, ಆ ಹಗ್ಗದ ಗುನುಗು. ಚಾಲೆಂಜ್ ಒತ್ತಿದೆ. ಗೆದ್ದೆ. ಸಿಕ್ಕಿದ್ದಕ್ಕೆಲ್ಲ ಒತ್ತಿದೆ. ನನಗೆ ಕೇಳಿಸಿರಲಿಲ್ಲ, ಒತ್ತಿದೆ. ಅದರಲ್ಲಿ ಇವತ್ತಿಗೂ ನನಗೆ ಬೇಸರವಿಲ್ಲ. ಸಂಜೆ ಟೀವಿಯಲ್ಲಿ ಅವನ ಹೆಸರು ನನ್ನದರ ಪಕ್ಕಕ್ಕೇ ಇಳಿದು ಕೆಂಪಾಯಿತು.

ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಕುಕ್ಕಿದ. "ಐತ್ರೀ ಅದು," ಅಂದ. "ಅಷ್ಟು ಓದೀರಿ, ಕಿವಿ ಇಲ್ಲೇನು ನಿಮಗ?"

ಹಾಲಿನಲ್ಲಿ ಎಲ್ಲರೂ ನಮ್ಮ ಕಡೆ ನೋಡಿದರು, ಮತ್ತೆ ತಮ್ಮ ಪರದೆಗೆ ತಿರುಗಿದರು. ಅವರಿಗೆ ಒಳಗೊಳಗೇ ಖುಷಿಯಾಗಿತ್ತು. ಕೆಂಪು ಜಾಗ ಇಬ್ಬರಿಂದ ತುಂಬಿದರೆ ಅವರು ಬಚಾವು.

ಆ ಭಾನುವಾರ ಮನೆಯಲ್ಲಿ ಕರೆಂಟಿರಲಿಲ್ಲ. ಅಪ್ಪ ವರಾಂಡದಲ್ಲಿ ಕೂತು ಕಾರ್ಖಾನೆಯ ಹಳೆಯ ಕಥೆ ತೆಗೆದರು. ಕಾರ್ಖಾನೆಯ ಸೈರನ್ನು ಆಷಾಢದ ಗಾಳಿಯಲ್ಲಿ ನಮ್ಮ ಕ್ವಾರ್ಟರ್ಸಿನೊಳಗೆ ಕಿವಿಗೇ ಊದಿದ ಹಾಗೆ ಕೇಳುತ್ತಿತ್ತಂತೆ. ಗಾಳಿ ಆ ಕಡೆ ತಿರುಗಿದ ತಿಂಗಳುಗಳಲ್ಲಿ ಅದೇ ಸೈರನ್ನು ಕೇಳಿಸದೆ ಜನ ತಡವಾಗಿ ಹೋಗಿ ಗೇಟಿನಲ್ಲಿ ಬೈಸಿಕೊಳ್ಳುತ್ತಿದ್ದರಂತೆ. ಸೈರನ್ನು ಊದಲೇ ಇಲ್ಲ ಎಂದು ಕೆಲಸದವರು, ಊದಿದೆ ಎಂದು ಗೇಟಿನವರು. ಅದಕ್ಕಾಗಿ ಒಮ್ಮೆ ಗೇಟಿನಲ್ಲಿ ಹೊಡೆದಾಟವೇ ಆಗಿತ್ತೆಂದು ಅಪ್ಪ ನಕ್ಕರು.

ನಾನು ನಗಲಿಲ್ಲ. ತರಗತಿಯಲ್ಲಿ ಎಷ್ಟೋ ಸಲ ಇದನ್ನೇ ಹಲಗೆಯ ಮೇಲೆ ಬರೆದು ತೋರಿಸಿದ್ದವಳು ನಾನು. ನೆಲದ ಹತ್ತಿರ ಗಾಳಿ ನಿಧಾನ, ಮೇಲೆ ಜೋರು. ಗಾಳಿಯ ಜೊತೆ ಹೊರಟ ಶಬ್ದ ಮೇಲ್ಗಡೆ ಬೇಗ ಓಡಿ, ಕೆಳಕ್ಕೆ ಬಾಗಿ, ನಮ್ಮ ಕಿವಿಗೆ ಬಂದು ಬೀಳುತ್ತದೆ. ಗಾಳಿಗೆ ಎದುರಾಗಿ ಹೊರಟದ್ದು ಮೇಲ್ಗಡೆ ಹಿಂದುಳಿದು, ಮೇಲಕ್ಕೆ ಬಾಗಿ, ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ನೀರಿನಲ್ಲಿಯೂ ಹಾಗೇ. ತಳದಲ್ಲಿ ಹರಿವು ಮಂದ, ಮೇಲೆ ಬಿರುಸು. ಶಬ್ದದ ವೇಗದ ಮುಂದೆ ಹರಿವಿನ ವೇಗ ಏನೇನೂ ಅಲ್ಲ, ಆದರೆ ದೂರ ಹೋಗುವಾಗ ಕೂದಲೆಳೆಯಷ್ಟು ಬಾಗಿದರೂ ಗುರಿ ತಪ್ಪುತ್ತದೆ. ಸಾಲದ್ದಕ್ಕೆ, ಉಬ್ಬರ ತಂದ ಉಪ್ಪುನೀರು ತಳಕ್ಕೂ ನದಿಯ ಸಿಹಿನೀರು ಮೇಲಕ್ಕೂ ಪದರ ಪದರವಾಗಿ ನಿಂತು ಅದನ್ನು ಇನ್ನಷ್ಟು ಬಾಗಿಸುತ್ತವೆ. ಇಳಿತದಲ್ಲಿ ನೀರು ದೋಣಿಯ ಕಡೆಯಿಂದ ಮೈಕಿನ ಕಡೆಗೆ ಹರಿಯುತ್ತದೆ, ಆಗ ಕುಂಟಿ ಕೇಳುತ್ತದೆ. ಉಬ್ಬರದಲ್ಲಿ ಶಬ್ದ ಹರಿವಿಗೆ ಎದುರು ಬರಬೇಕು. ಮೇಲಕ್ಕೆ ಬಾಗಿ ಅಲೆಗಳ ಗದ್ದಲದಲ್ಲಿ ಸೇರಿಹೋಗುತ್ತದೆ. ತಳದ ಮೈಕಿಗೆ ಉಳಿಯುವುದು ಒಂದು ಎಳೆ. ಆ ಎಳೆಯನ್ನು ಮೋಟಾರುಗಳ ನಡುವೆ ಬೆಳೆದ ಅವನ ಕಿವಿ ಹಿಡಿದಿತ್ತು. ಸೋಮವಾರ ಹೋಗಿ ತುಣುಕುಗಳ ಹೊತ್ತು ತಾಳೆ ನೋಡಿದೆ. ಕುಂಟಿ ಅಳಿಸಿಹೋದದ್ದೆಲ್ಲ ಗುನುಗಿನ ಒಂದು ಬಿಟ್ಟು ಒಂದು ಸರದಿಯಲ್ಲಿ, ಅಂದರೆ ಉಬ್ಬರದಲ್ಲಿಯೇ. ಒಂದೂ ತಪ್ಪಿರಲಿಲ್ಲ.

ಟೀ ಅಂಗಡಿಯಲ್ಲಿ ಅವನು ಒಬ್ಬನೇ ಸಿಕ್ಕಿದ. ಆ ದೋಣಿ ಯಾಕೆ ಹಾಗಾಗುತ್ತದೆಂದು ನನಗೆ ಗೊತ್ತಾಗಿದೆ, ಇಬ್ಬರೂ ಸೇರಿ ಗಿರೀಶನಿಗೆ ಹೇಳೋಣ ಎಂದೆ. ಅವನು ಗ್ಲಾಸಿನಿಂದ ಮುಖವೆತ್ತದೆ, "ನಿಮ್ಮ ಪಾಠ ನಿಮ್ಮ ಹತ್ರನ ಇರ್ಲಿ. ಮೊದ್ಲ ನನ್ನ ಪಾಯಿಂಟ್ ವಾಪಸ್ ಕೊಡ್ರಿ," ಅಂದ. ಹೋದ ಪಾಯಿಂಟನ್ನು ಹಿಂತಿರುಗಿಸುವ ಗುಂಡಿ ಆ ಪದ್ಧತಿಯಲ್ಲಿ ಇರಲಿಲ್ಲ. ಅವನಿಗೂ ಅದು ಗೊತ್ತಿತ್ತು. ಹಾಗಾದರೆ ನನ್ನ ಹಗ್ಗದ ಪಾಯಿಂಟುಗಳನ್ನು ಮೊದಲು ನೀನು ಕೊಡು ಎಂದು ಏಕವಚನದಲ್ಲೇ ಹೇಳಿ ಬಂದೆ.

ಗಣೇಶನ ಹಬ್ಬ ಕಳೆದ ಮೇಲೆ ಕಂಪನಿಯ ಕಡೆಯಿಂದ ಒಬ್ಬ ಹೆಂಗಸು ನೋಡಲು ಬರುತ್ತಾಳೆಂದು ಸುದ್ದಿಯಾಯಿತು. ಗಿರೀಶ್ ಹಾಲಿಗೆ ಬಣ್ಣ ಹೊಡೆಸಿದ, ಬಾಗಿಲಲ್ಲಿ ರಂಗೋಲಿ ಹಾಕಿಸಿದ, ಕೆಳಗಿನ ಕಲ್ಲಿನ ಯಂತ್ರ ನಿಲ್ಲಿಸಿದ. ನನಗೂ ಮಹಾಂತೇಶನಿಗೂ ಆ ದಿನ ರಜೆ ತೆಗೆದುಕೊಳ್ಳಲು ಬೇರೆ ಬೇರೆಯಾಗಿ ಕರೆದು ಹೇಳಿದ. ಆದರೂ ಇಬ್ಬರೂ ಆಫೀಸಿಗೆ ಹೋದೆವು. ಮಾತಾಡಿಕೊಂಡಿರಲಿಲ್ಲ. ಮೆಟ್ಟಿಲಿನಲ್ಲಿ ಎದುರಾದಾಗ ಅವನು ಗೋಡೆಯ ಕಡೆ ಸರಿದ, ನಾನು ಮುಂದೆ ಹತ್ತಿದೆ. ಅವನು ಹಿಂದೆಯೇ ಬಂದ.

ಆ ಹೆಂಗಸು ನಮ್ಮವಳೇ, ಆದರೆ ಬಹಳ ವರ್ಷದಿಂದ ಹೊರದೇಶದಲ್ಲಿದ್ದವಳು. ಇಂಗ್ಲಿಷಿನಲ್ಲಿ ಮೆತ್ತಗೆ ಮಾತಾಡುತ್ತಿದ್ದಳು. ಗಿರೀಶ್ ತಡೆಯುವುದರೊಳಗೆ ನಾನು ಅವಳ ಎದುರು ನಿಂತು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಮಹಾಂತೇಶ ತನ್ನ ಕಂಪ್ಯೂಟರಿನಲ್ಲಿ ಒಂದು ತುಣುಕು ಹಚ್ಚಿ, ಹೆಡ್‌ಫೋನನ್ನು ಅವಳ ಕೈಗೆ ಕೊಟ್ಟು, ಆ ಟಕ್ ಬೀಳುವ ಜಾಗದಲ್ಲಿ ಬೆರಳಿನಿಂದ ಮೇಜು ಬಡಿದ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಆಮೇಲೆ ಅವಳ ಬೆರಳೂ ಮೇಜಿನ ಮೇಲೆ ಬಡಿಯತೊಡಗಿತು, ಅವನದೇ ಲಯದಲ್ಲಿ. ಗೆದ್ದೆವೆಂದೇ ಅಂದುಕೊಂಡೆ.

ಅವಳು ಹೆಡ್‌ಫೋನ್ ತೆಗೆದು ನಮ್ಮಿಬ್ಬರನ್ನೂ ಹೊಗಳಿದಳು. ಹಗ್ಗದ ಗುನುಗು ತಮಗೆ ಗೊತ್ತಿರುವುದೇ, ಹರಿವು ಶಬ್ದವನ್ನು ಬಾಗಿಸುವುದೂ ಹೊಸದಲ್ಲ ಎಂದಳು. ಆದರೆ ಯಂತ್ರಕ್ಕೆ ಕಲಿಸಬೇಕಾದದ್ದು ಎಲ್ಲರಿಗೂ ಕೇಳುವುದನ್ನು. ಬಹಳ ಜನಕ್ಕೆ ಕೇಳದೆ ಇಬ್ಬರಿಗೆ ಮಾತ್ರ ಕೇಳಿದರೆ, ಲೆಕ್ಕದಲ್ಲಿ ಆ ಇಬ್ಬರೇ ಸೋಸಿ ತೆಗೆಯಬೇಕಾದ ಗದ್ದಲ. ತಮಗೆ ಬೇಕಾದದ್ದು ಒಮ್ಮತ. ಇದನ್ನೆಲ್ಲ ಮುಂದಿನ ಹಂತದಲ್ಲಿ ನೋಡೋಣ ಎಂದಳು.

ದೋಣಿಯಲ್ಲಿ ಜನ ಇರುತ್ತಾರಲ್ಲ, ಉಬ್ಬರದ ಹೊತ್ತಿನಲ್ಲಿ ಅಲ್ಲಿ ಏನೂ ಇಲ್ಲವೆಂದು ನಿಮ್ಮ ಯಂತ್ರ ಹಡಗಿಗೆ ಹೇಳಿದರೆ ಏನು ಗತಿ ಎಂದು ಕೇಳಿದೆ. ದೋಣಿಗೆ ದೀಪವಿರುತ್ತದೆ, ರೇಡಿಯೋ ಇರುತ್ತದೆ ಎಂದಳು. ಅಷ್ಟೇ ಮೆತ್ತಗೆ. ಗಿರೀಶ್ ಅವಳನ್ನು ಊಟಕ್ಕೆ ಕರೆದುಕೊಂಡು ಹೋದ. ನಾನು ಜೀವನದಲ್ಲಿ ಬೈಯುವವರನ್ನು ಬಹಳ ಕಂಡಿದ್ದೇನೆ, ಅವರ ಮೇಲಿನ ಸಿಟ್ಟು ಈ ಮೆತ್ತಗಿನವಳ ಮೇಲಿನಷ್ಟು ದಿನ ಉಳಿಯುವುದಿಲ್ಲ.

ಮಧ್ಯಾಹ್ನ ಗಿರೀಶ್ ಬಂದು ನಮ್ಮಿಬ್ಬರ ಐಡಿ ಕಾರ್ಡು ಬಿಚ್ಚಿಸಿಕೊಂಡ. ಅರಚಾಡಲಿಲ್ಲ. ಮುಖ ಮಾತ್ರ ಕಪ್ಪಿಟ್ಟಿತ್ತು.

"ಈ ಫ್ಲೋರ್ ಖಾಲಿಯಾದ್ರೆ ನಮ್ಮಪ್ಪ ನಾಳೆನೇ ಪಿಜಿ ಹಾಸ್ಟೆಲ್ ಮಾಡ್ತಾನೆ," ಅಂದ. "ಆಮೇಲೆ ನಾನು ಅದ್ರ ನೀರಿನ ಮೋಟ್ರು ಆನ್ ಮಾಡ್ಕೊಂಡು ಕೂರ್ಬೇಕು. ನೀವಿಬ್ರೂ ಅದನ್ನ ಯೋಚ್ನೆ ಮಾಡಿದ್ರಾ?"

ನಾವು ಯೋಚನೆ ಮಾಡಿರಲಿಲ್ಲ. ಮಾಡಬೇಕೆಂದು ನನಗೆ ಅನ್ನಿಸಲೂ ಇಲ್ಲ. ನಾನೀಗ ಮನೆಯಲ್ಲೇ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ಬದುಕು ನಡೆಯುತ್ತಿದೆ. ಆದರೆ ನಾವೆಲ್ಲ ಸೇರಿ ಕಲಿಸಿದ ಆ ಯಂತ್ರ ಈ ಹೊತ್ತು ಯಾವುದೋ ಅಳಿವೆಯಲ್ಲಿ ಕಿವಿಗೊಟ್ಟು ಕೂತಿರಬೇಕು. ಹಗ್ಗವನ್ನು ಹಡಗೆಂದೂ ದೋಣಿಯನ್ನು ಏನೂ ಅಲ್ಲವೆಂದೂ ಅದು ನಂಬಿರಬೇಕು. ಅದು ನೆನಪಾದಾಗ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ.

ಆ ದಿನ ಹೊರಗೆ ಬಂದಾಗ ಮಳೆ ಸುರಿಯುತ್ತಿತ್ತು. ಬಸ್ ಸ್ಟಾಪಿನಲ್ಲಿ ನಾವಿಬ್ಬರೇ. ಅವನು ಆ ತುದಿ, ನಾನು ಈ ತುದಿ. ರಸ್ತೆಯ ನೀರು ಚಪ್ಪಲಿಯ ಮೇಲೆ ಹರಿಯುತ್ತಿತ್ತು. ಅವನು ರಸ್ತೆಯನ್ನೇ ನೋಡುತ್ತ ಕೇಳಿದ.

"ಎಲ್ಲಿ ಹೋಗ್ತಿತ್ತ್ರೀ ಅದರ ಸಪ್ಪಳ?"

ಅಪ್ಪನ ಸೈರನ್ನಿನ ಕಥೆ ಹೇಳಿದೆ. ಎದುರುಗಾಳಿಯಲ್ಲಿ ಸಪ್ಪಳ ಹೇಗೆ ತಲೆಯ ಮೇಲೆ ಹಾದುಹೋಗುತ್ತದೆ, ಎದುರು ಹರಿವಿನಲ್ಲಿ ಕುಂಟಿಯದು ಹೇಗೆ ಮೇಲಕ್ಕೆ ಎದ್ದುಹೋಗುತ್ತಿತ್ತು ಎಂದು ಕೈಯಿಂದ ತೋರಿಸಿದೆ. ಅವನು ನನ್ನ ಕೈಯನ್ನೇ ನೋಡುತ್ತ ಪೂರ್ತಿ ಕೇಳಿದ. ಮೊದಲ ಸಲ ಅವನ ಕಾಲು ಕುಣಿಯುತ್ತಿರಲಿಲ್ಲ.

"ಅಂದ್ರ ಅದು ಅಲ್ಲೇ ಇತ್ತು," ಅಂದ.

"ಇತ್ತು," ಅಂದೆ.

ಅವನು ತಲೆಯಾಡಿಸಿದ. ಆಮೇಲೆ ನನ್ನ ಕಡೆ ತಿರುಗಿ, ಯಾವ ಅವಸರವೂ ಇಲ್ಲದೆ ಹೇಳಿದ. "ಆದ್ರೂ ನೀವು ಚಾಲೆಂಜ್ ಒತ್ತಿದ್ರಲ್ಲ, ಅದನ್ನ ನಾ ಮರೆಯಂಗಿಲ್ಲ್ರೀ."

"ಮರೀಬೇಡಿ," ಅಂದೆ. "ನಾನೂ ಮರೆಯಲ್ಲ."

ಬೊಮ್ಮನಹಳ್ಳಿಯ ಬಸ್ಸು ಬಂದು ನಿಂತಿತು. ಅವನು ಹತ್ತಿ ಕಿಟಕಿಯ ಹತ್ತಿರ ಕೂತ, ಹೊರಗೆ ನೋಡಲಿಲ್ಲ. ಬಸ್ಸಿನಲ್ಲಿ ಜಾಗವಿತ್ತು, ನನ್ನ ದಾರಿಯೂ ಅದೇ, ಮಳೆ ಜೋರಾಗಿತ್ತು. ಕಂಡಕ್ಟರು ಎರಡು ಸಲ ಕರೆದ. ನಾನು ಹತ್ತಲಿಲ್ಲ.